ಬೆಂಕಿ ಬಿದ್ದ ಬೆಟ್ಟ, ಎದುರಿಗೆ ಮಳೆಗಾಲ: ಓದುಗರ ಪ್ರಶ್ನೆಗಳಿಗೆ ಉತ್ತರ

ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಮಲೆನಾಡು ಮತ್ತು ಕರಾವಳಿಯ ಗುಡ್ಡಗಳಿಗೆ ಬೆಂಕಿ ಬೀಳುವ ಕಾಲ. ಜೂನ್‌ನಲ್ಲಿ ಮೃಗಶಿರ ಮಳೆ ಹಿಡಿಯುತ್ತದೆ. ನಡುವೆ ಸಿಗುವುದು ಕೆಲವೇ ವಾರ. ಸುಟ್ಟ ಇಳಿಜಾರಿನ ಮೇಲ್ಮಣ್ಣು ಉಳಿಯುತ್ತದೋ ಹೋಗುತ್ತದೋ ಎಂಬುದು ಆ ವಾರಗಳಲ್ಲಿ ನಾವು ಮಾಡುವ ಕೆಲಸದ ಮೇಲೆ ನಿಂತಿದೆ. ಈ ವಿಷಯಕ್ಕೆ ಬಂದ ಪತ್ರಗಳಲ್ಲಿ ಕೆಲವನ್ನು ಆಯ್ದು, ಮಣ್ಣು-ನೀರು ಸಂರಕ್ಷಣೆ ಬಲ್ಲವರಿಂದ ಉತ್ತರ ಬರೆಸಿದ್ದೇವೆ.

ಪ್ರಶ್ನೆ: ನಮ್ಮ ಅಡಿಕೆ ತೋಟದ ಮೇಲಿನ ಮೂರು ಎಕರೆ ಸೊಪ್ಪಿನಬೆಟ್ಟಕ್ಕೆ (ತೋಟಕ್ಕೆ ಸೊಪ್ಪು, ಒಣಎಲೆ ತರಲು ಬಿಟ್ಟುಕೊಟ್ಟ ಕಾಡು) ಮಾರ್ಚ್ ಎರಡನೇ ವಾರ ಬೆಂಕಿ ಬಿತ್ತು. ದರಕು (ಉದುರಿದ ಒಣಎಲೆ), ಪೊದೆ ಎಲ್ಲ ಸುಟ್ಟು ನೆಲ ಬೋಳಾಗಿದೆ. ಮಳೆ ಬಂದರೆ ಮಣ್ಣು ತೋಟಕ್ಕೆ ಇಳಿಯುವ ಭಯ. ಜೆಸಿಬಿ ತರಿಸಿ ಅಡ್ಡಗಾಲುವೆ ಹೊಡೆಸಿ, ಜೂನ್‌ನಲ್ಲಿ ಗಿಡ ನೆಡಬೇಕೆಂದಿದ್ದೇವೆ. ಸರಿಯೇ?
– ಸಾಗರ ತಾಲ್ಲೂಕಿನ ಓದುಗರು

ಉತ್ತರ: ಜೆಸಿಬಿ ಖಂಡಿತ ಬೇಡ. ಸುಟ್ಟ ಇಳಿಜಾರಿನಲ್ಲಿ ಈಗ ಮಣ್ಣನ್ನು ಹಿಡಿದುಕೊಂಡಿರುವುದು ಒಳಗೆ ಉಳಿದ ಬೇರು ಮಾತ್ರ. ಅದನ್ನೂ ಕಿತ್ತು ಸಡಿಲ ಮಣ್ಣು ಮೇಲೆ ಹಾಕಿದರೆ ಮೊದಲ ಜೋರು ಮಳೆಗೆ ಅದೇ ನಿಮ್ಮ ತೋಟಕ್ಕೆ ಬರುತ್ತದೆ. ಸೊಪ್ಪಿನಬೆಟ್ಟದಲ್ಲಿ ನಿಮಗಿರುವುದು ಸವಲತ್ತು, ಭೂಮಿ ಸರ್ಕಾರದ್ದು. ಅಗೆಯುವುದಕ್ಕೂ ಮರ ಮುಟ್ಟುವುದಕ್ಕೂ ಅರಣ್ಯ ಇಲಾಖೆಯ ಅನುಮತಿ ಬೇಕು. ಗಿಡ ನೆಡುವುದೂ ಈ ವರ್ಷದ ಮಣ್ಣನ್ನು ಉಳಿಸುವುದಿಲ್ಲ. ಜೂನ್‌ನಲ್ಲಿ ನೆಟ್ಟ ಒಂದಡಿ ಸಸಿಯ ಬೇರು ಜುಲೈ ಮಳೆ ತಡೆಯುವಷ್ಟು ಹರಡಿರುವುದಿಲ್ಲ. ಮೊದಲು ಆಗಬೇಕಾದ್ದು ನೆಲಕ್ಕೆ ಮುಚ್ಚಿಗೆ.

ಬೆಂಕಿ ಎಷ್ಟು ಆಳಕ್ಕೆ ತಾಗಿದೆ ಎಂದು ಮೊದಲು ನೋಡಿಕೊಳ್ಳಿ. ಬೂದಿ ಕಪ್ಪಾಗಿದ್ದು ಅದರಲ್ಲಿ ಅರ್ಧ ಸುಟ್ಟ ಎಲೆ, ಕಡ್ಡಿ ಗುರುತು ಸಿಗುವಂತಿದ್ದರೆ ಬೆಂಕಿ ಮೇಲಿಂದ ಮೇಲೆ ಓಡಿಹೋಗಿದೆ. ಹುಲ್ಲಿನ ಬುಡ ಬದುಕಿರುತ್ತದೆ, ಎರಡು ಮಳೆ ಬಿದ್ದರೆ ಚಿಗುರುತ್ತದೆ. ಬೂದಿ ಬೆಳ್ಳಗೆ ಹಿಟ್ಟಿನಂತಿದ್ದರೆ ಅಲ್ಲಿ ಬೆಂಕಿ ನಿಂತು ಉರಿದಿದೆ. ಒಣ ಬಿದಿರುಮೆಳೆ, ಬಿದ್ದ ದಿಮ್ಮಿ ಇದ್ದ ಕಡೆ ಹೀಗಾಗುತ್ತದೆ. ಮಣ್ಣು ಕೆಂಪಾದರೆ ತೀವ್ರ ಬೆಂಕಿ ಎಂದು ಹೇಳುವುದುಂಟು. ನಮ್ಮ ಮಣ್ಣು ಮೊದಲೇ ಕೆಂಪು, ಆದ್ದರಿಂದ ಬಣ್ಣ ನಂಬಬೇಡಿ. ನಾಲ್ಕು ಬೆರಳು ಆಳ ಕೆದಕಿ ಸಣ್ಣ ಬೇರು ನೋಡಿ. ಬಗ್ಗಿಸಿದರೆ ಬಳುಕಬೇಕು. ಪುಡಿಯಾದರೆ ಆ ಜಾಗಕ್ಕೆ ನಿಮ್ಮ ಹುಲ್ಲು, ಕೂಲಿ, ಸಮಯ ಮೊದಲು ಹೋಗಬೇಕು.

ಇನ್ನೊಂದು ಪರೀಕ್ಷೆ ನೀರಿನ ಹನಿಯದ್ದು. ಬೂದಿ ಸರಿಸಿ ಒಣ ಮಣ್ಣಿನ ಮೇಲೆ ಒಂದು ಹನಿ ಬಿಡಿ. ಕೂಡಲೇ ಹೀರಿದರೆ ಒಂದು ಸೆಂ.ಮೀ. ಕೆರೆದು ಮತ್ತೆ ಬಿಡಿ. ಹೀಗೇ ಐದು ಸೆಂ.ಮೀ. ಆಳದವರೆಗೆ ನೋಡಿ. ಹನಿ ಕೆಸುವಿನೆಲೆಯ ಮೇಲೆ ಕೂತಂತೆ ಐದು ಸೆಕೆಂಡಿಗಿಂತ ಹೆಚ್ಚು ಹೊತ್ತು ಗುಂಡಗೆ ನಿಂತರೆ ಆ ಪದರ ನೀರನ್ನು ಒಳಗೆ ಬಿಡುತ್ತಿಲ್ಲ. ನಲವತ್ತು ಸೆಕೆಂಡಾದರೂ ನಿಂತಿದ್ದರೆ ತೊಂದರೆ ಗಂಭೀರ. ಎಲೆಗಳಲ್ಲಿರುವ ಮೇಣದಂಥ ಅಂಶ ಬೆಂಕಿಯಲ್ಲಿ ಆವಿಯಾಗಿ, ಕೆಳಗಿನ ತಂಪು ಮಣ್ಣಿನ ಕಣಗಳಿಗೆ ಅಂಟುವುದರಿಂದ ಹೀಗಾಗುತ್ತದೆ. ಬಹಳ ಒಣಗಿದ ಮಣ್ಣು ಸುಡದಿದ್ದರೂ ಸ್ವಲ್ಪ ಹೀಗೆ ಮಾಡುತ್ತದೆ. ಆದ್ದರಿಂದ ಪಕ್ಕದ ಸುಡದ ಜಾಗದಲ್ಲೂ ಹನಿ ಬಿಟ್ಟು ಹೋಲಿಸಿ.

ಲೆಕ್ಕ ಹೀಗಿದೆ: ಒಂದು ಎಕರೆಯಲ್ಲಿ 5 ಸೆಂ.ಮೀ. ಮಳೆ ಎಂದರೆ ಸುಮಾರು 2 ಲಕ್ಷ ಲೀಟರ್ ನೀರು. ಒಂದೇ ಒಂದು ಮಿ.ಮೀ. ಮೇಲ್ಮಣ್ಣು ಹೋದರೂ ಎಕರೆಗೆ 5 ಟನ್ ಹೋದಂತೆ, ಅದೂ ಗೊಬ್ಬರವಿರುವ ಮಣ್ಣು.

ಮುಚ್ಚಿಗೆಗೆ ಭತ್ತದ ಹುಲ್ಲಾದರೆ ಎಕರೆಗೆ ಒಂದು ಟನ್. ಯಂತ್ರ ಕಟ್ಟಿದ 14-15 ಕಿಲೊ ರೋಲು ಸುಮಾರು 70 ಬೇಕಾಗುತ್ತದೆ. ದಪ್ಪ 2-3 ಸೆಂ.ಮೀ. ಸಾಕು. ಐದು ಸೆಂ.ಮೀ. ದಾಟಿದರೆ ಕೆಳಗಿನ ಚಿಗುರು ಮೇಲೆ ಬರಲಾರದು. ಎಷ್ಟು ಮುಚ್ಚಿದೆ ಎಂದು ತಿಳಿಯಲು ಇಳಿಜಾರಿಗೆ ಅಡ್ಡಲಾಗಿ ನೂರು ಹೆಜ್ಜೆ ನಡೆಯಿರಿ. ಪ್ರತಿ ಹೆಜ್ಜೆಗೆ ಹೆಬ್ಬೆರಳ ತುದಿಯಲ್ಲಿ ಹುಲ್ಲಿದೆಯೋ ಬರಿ ಮಣ್ಣಿದೆಯೋ ಎಣಿಸಿ. ನೂರಕ್ಕೆ ಎಪ್ಪತ್ತು ಕಡೆ ಹುಲ್ಲಿರಬೇಕು. ಹುಲ್ಲು ದುಬಾರಿಯಾದರೆ ಅಡಿಕೆ ಸೋಗೆ, ತೆಂಗಿನ ಮಡಲು, ಕರಡ (ಬೆಟ್ಟದ ಒಣಹುಲ್ಲು) ಯಾವುದಾದರೂ ಸರಿ. ಸೋಗೆಯನ್ನು ಇಳಿಜಾರಿಗೆ ಅಡ್ಡ ಮಲಗಿಸಿ, ನೆಲಕ್ಕೆ ಒತ್ತಿ ಕೂರುವಂತೆ ಮೇಲೆ ಒಂದು ಕೊಂಬೆ ಹೇರಿ. ನೆಲ ಮುಟ್ಟದ ಮುಚ್ಚಿಗೆಯ ಅಡಿಯಲ್ಲಿ ನೀರು ನಿರಾತಂಕವಾಗಿ ಓಡುತ್ತದೆ. ಗಾಳಿ ಬಡಿಯುವ ಏಣಿನಲ್ಲಿ ಕೊಂಬೆ ಹೇರದಿದ್ದರೆ ಹುಲ್ಲು ಒಂದು ರಾತ್ರಿಯೂ ನಿಲ್ಲದು.

ಯಾವಾಗ ಹಾಸಬೇಕು ಎಂಬಲ್ಲೇ ಹಲವರು ಎಡವುತ್ತಾರೆ. ಏಪ್ರಿಲ್‌ನಲ್ಲಿ ಹಾಸಿದ ಒಣಹುಲ್ಲು ಇನ್ನೊಂದು ಬೆಂಕಿಗೆ ಆಹಾರ. ಹುಲ್ಲು ತಂದು ತೋಟದ ಬದಿಯಲ್ಲಿ ಒಟ್ಟಿಕೊಳ್ಳಿ, ಭರಣಿ ಅಥವಾ ಕೃತ್ತಿಕೆ ಮಳೆಯಲ್ಲಿ (ಏಪ್ರಿಲ್ ಕೊನೆಯಿಂದ ಮೇ ಮೂರನೇ ವಾರ) ನೆಲ ಒಮ್ಮೆ ನೆನೆದ ಮರುದಿನವೇ ಹರಡಿ.

ಎಲ್ಲಕ್ಕಿಂತ ಅಗ್ಗದ ಮುಚ್ಚಿಗೆ ಮರದ ಮೇಲೇ ಇದೆ. ಝಳಕ್ಕೆ ಕಂದಿದ ಎಲೆಗಳು ಬೆಂಕಿ ಆರಿದ ಮೇಲೆ ವಾರಗಟ್ಟಲೆ ಉದುರುತ್ತವೆ. ಈ ಒಂದು ವರ್ಷ ಅದನ್ನು ಗುಡಿಸಿ ಕೊಟ್ಟಿಗೆಗೆ ತರಬೇಡಿ. ಜಾನುವಾರುಗಳನ್ನೂ ಬಿಡಬೇಡಿ. ಬೆಟ್ಟ ಮತ್ತು ತೋಟದ ನಡುವಿನ ಅಗಳವನ್ನು (ಗಡಿಯ ಕಂದಕ) ಮೇ ತಿಂಗಳಲ್ಲೇ ಎತ್ತಿ ಸ್ವಚ್ಛ ಮಾಡಿ. ಅದರ ಬಾಯಿ ತೋಟದ ಬಸಿಗಾಲುವೆಗೆ ಬೀಳದೆ, ಕಲ್ಲಿರುವ ಹಳ್ಳಕ್ಕೆ ಹೋಗುವಂತೆ ತಿರುಗಿಸಿ.

ಪ್ರಶ್ನೆ: ಕಾಫಿ ತೋಟದ ಅಂಚಿನ ಸುಟ್ಟ ಗುಡ್ಡಕ್ಕೆ ಕಳೆದ ವರ್ಷ ಸಿಲ್ವರ್ ಓಕ್ ದಿಮ್ಮಿಗಳನ್ನು ಅಡ್ಡಲಾಗಿ ಹಾಕಿದ್ದೆವು. ಆಗಸ್ಟ್ ಹೊತ್ತಿಗೆ ಬಹುತೇಕ ಎಲ್ಲ ದಿಮ್ಮಿಗಳ ತುದಿಯಲ್ಲೂ ಕೊರಕಲು ಬಿದ್ದಿದೆ. ತಪ್ಪು ಎಲ್ಲಾಯಿತು?
– ಚಿಕ್ಕಮಗಳೂರಿನ ಓದುಗರು

ಉತ್ತರ: ದಿಮ್ಮಿಯನ್ನು ಕಣ್ಣಂದಾಜಿನಲ್ಲಿ ಇಟ್ಟಿರಬೇಕು. ಒಂದು ತುದಿ ನಾಲ್ಕು ಬೆರಳು ತಗ್ಗಿದ್ದರೂ ಸಾಕು, ದಿಮ್ಮಿ ತಡೆಗೋಡೆಯಾಗದೆ ಕಾಲುವೆಯಾಗುತ್ತದೆ. ಹರಡಿ ಹರಿಯುತ್ತಿದ್ದ ನೀರನ್ನೆಲ್ಲ ಒಂದೆಡೆ ಕೂಡಿಸಿ ಸುರಿಯುತ್ತದೆ.

ಸಮಮಟ್ಟದ ಗೆರೆ ಗುರುತಿಸಲು ಎ ಆಕಾರದ ಚೌಕಟ್ಟು ಮಾಡಿಕೊಳ್ಳಿ. ಏಳಡಿಯ ಎರಡು ಗಳುಗಳ ತಲೆ ಸೇರಿಸಿ ಬಿಗಿಯಾಗಿ ಕಟ್ಟಿ. ಕಾಲುಗಳನ್ನು ಆರಡಿ ಅಗಲಿಸಿ, ನಡುಮಟ್ಟದಲ್ಲಿ ಅಡ್ಡಪಟ್ಟಿ ಬಿಗಿಯಿರಿ. ತಲೆಯಿಂದ ದಾರಕ್ಕೆ ಕಲ್ಲು ಕಟ್ಟಿ, ಅಡ್ಡಪಟ್ಟಿಗಿಂತ ಒಂದು ಗೇಣು ಕೆಳಕ್ಕೆ ಬರುವಂತೆ ಇಳಿಬಿಡಿ. ಎರಡು ಗೂಟದ ಮೇಲೆ ನಿಲ್ಲಿಸಿ ದಾರ ಪಟ್ಟಿಯನ್ನು ಮುಟ್ಟುವಲ್ಲಿ ಗೆರೆ ಹಾಕಿ. ಚೌಕಟ್ಟನ್ನು ತಿರುಗಿಸಿ, ಕಾಲುಗಳನ್ನು ಅದಲುಬದಲು ಮಾಡಿ ಮತ್ತೊಂದು ಗೆರೆ ಹಾಕಿ. ಎರಡರ ನಟ್ಟನಡುವೆ ಹಾಕಿದ ಗೆರೆಯೇ ಮಟ್ಟ. ಆಮೇಲೆ ಒಂದು ಕಾಲು ಊರಿ, ದಾರ ಆ ಗೆರೆಗೆ ಬರುವವರೆಗೆ ಇನ್ನೊಂದು ಕಾಲನ್ನು ಮೇಲೆ ಕೆಳಗೆ ಸರಿಸುತ್ತ ಗೂಟ ಹೊಡೆಯುತ್ತ ಹೋಗಿ. ಗಾಳಿಯಿರುವಾಗ ಈ ಕೆಲಸ ಬೇಡ, ದಾರ ನಿಲ್ಲುವುದಿಲ್ಲ.

ದಿಮ್ಮಿ 15-25 ಸೆಂ.ಮೀ. ದಪ್ಪ, ಮೂರು ಮೀಟರ್ ಉದ್ದ ಇರಲಿ. ಅದಕ್ಕಿಂತ ಉದ್ದವಾದರೆ ನೆಲದ ಏರಿಳಿತಕ್ಕೆ ಕೂರದೆ ಅಡಿಯಲ್ಲಿ ಸಂದು ಬಿಡುತ್ತದೆ. ದಪ್ಪದ ಮೂರನೇ ಒಂದು ಭಾಗ ಹೂತು, ಮೇಲ್ಬದಿಗೆ ಮಣ್ಣು ತುಂಬಿ ಕಾಲಿನಿಂದ ತುಳಿಯಿರಿ. ಕೆಳಬದಿಗೆ ಮೀಟರಿಗೊಂದು ಗೂಟ. ಎರಡೂ ತುದಿಯಲ್ಲಿ ಮೇಲ್ಮುಖವಾಗಿ ಬಾಗಿದ ಸಣ್ಣ ಮಣ್ಣಿನ ದಿಂಡು ಹಾಕಿದರೆ ನೀರು ಪಕ್ಕಕ್ಕೆ ನುಸುಳುವುದಿಲ್ಲ. ಮುಂದಿನ ಸಾಲನ್ನು ಇಟ್ಟಿಗೆ ಕಟ್ಟುವ ಹಾಗೆ ಸಂದಿಗೆ ಎದುರಾಗಿ ಇಡಿ.

ಇಷ್ಟೆಲ್ಲ ಮಾಡಿದರೂ ದಿಮ್ಮಿಯಿಂದ ಬಹಳ ನಿರೀಕ್ಷೆ ಬೇಡ. 30% ಇಳಿಜಾರಿನಲ್ಲಿ (ನೂರು ಮೀಟರಿಗೆ 30 ಮೀಟರ್ ಇಳಿಯುವಲ್ಲಿ) 20 ಸೆಂ.ಮೀ. ದಪ್ಪದ, ಮೂರು ಮೀಟರ್ ಉದ್ದದ ದಿಮ್ಮಿಯ ಹಿಂದೆ ಹಿಡಿಯುವುದು 80-90 ಲೀಟರ್ ಅಷ್ಟೆ. ಎಕರೆಗೆ ಎರಡು ಲಕ್ಷ ಲೀಟರ್ ಬೀಳುವಲ್ಲಿ ಇದು ಮುಚ್ಚಿಗೆಗೆ ಪರ್ಯಾಯವಾಗದು. ಮುಚ್ಚಿಗೆ ಜಾರದಂತೆ ನಿಲ್ಲಿಸಲು ಮಾತ್ರ ದಿಮ್ಮಿ ಒಳ್ಳೆಯದು.

ಪ್ರಶ್ನೆ: ಸುಟ್ಟ ಬ್ಯಾಣದ (ಹುಲ್ಲುಗಾವಲಿನ) ಮಧ್ಯೆ ಮೊಣಕಾಲುದ್ದದ ಕೊರಕಲು ಬಿದ್ದಿದೆ. ಸಿಮೆಂಟ್ ಕಟ್ಟೆ ಕಟ್ಟುವ ಶಕ್ತಿಯಿಲ್ಲ. ಮರಳು ಚೀಲ ಇಟ್ಟರೆ ನಿಲ್ಲುತ್ತದೆಯೇ?
– ಕೊಪ್ಪ ತಾಲ್ಲೂಕಿನ ಓದುಗರು

ಉತ್ತರ: ಮೊಣಕಾಲುದ್ದದ ಕೊರಕಲಿಗೆ ಸಿಮೆಂಟ್ ಬೇಡವೇ ಬೇಡ. ಗೊಬ್ಬರದ ಪ್ಲಾಸ್ಟಿಕ್ ಚೀಲ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಹರಿದು ಒಳಗಿನದೆಲ್ಲ ಹಳ್ಳ ಸೇರುತ್ತದೆ. ಅಲ್ಲೇ ಸಿಗುವ ಗೂಟ ಮತ್ತು ಸೊಪ್ಪಿನ ಕೊಂಬೆ ಸಾಕು.

ಕೊರಕಲಿಗೆ ಅಡ್ಡಲಾಗಿ ಅರ್ಧ ಮೀಟರ್ ಅಂತರದಲ್ಲಿ ಎರಡು ಸಾಲು ಗೂಟ ಹೊಡೆಯಿರಿ, ಗೂಟದ ಅರ್ಧ ನೆಲದೊಳಗೆ ಇರಲಿ. ನಡುವೆ ಕೊಂಬೆಗಳನ್ನು ಒತ್ತೊತ್ತಾಗಿ ತುಂಬಿ, ಮೇಲೆ ತಂತಿಯಿಂದ ಬಿಗಿಯಿರಿ. ತುಂಬುವ ಮೊದಲು ತಳಕ್ಕೆ ಒಂದು ಪದರ ಹುಲ್ಲು ಹಾಕಿ. ಎರಡೂ ದಡಕ್ಕೆ ಕನಿಷ್ಠ ಒಂದೂವರೆ ಅಡಿ ಒಳಹೊಗಬೇಕು. ಎತ್ತರ ಎರಡಡಿ ದಾಟಬಾರದು, ಮಧ್ಯಭಾಗ ಬದಿಗಳಿಗಿಂತ 15-20 ಸೆಂ.ಮೀ. ತಗ್ಗಿರಲಿ. ಈ ತಗ್ಗು ಮರೆತರೆ ನೀರು ದಡದ ಬದಿಯಿಂದ ಹಾದು ಕೊರಕಲು ಎರಡರಷ್ಟು ಅಗಲವಾಗುತ್ತದೆ. ಇಂಥ ತಡೆಗಳು ಕೆಡುವುದು ಬಹುಪಾಲು ಹೀಗೇ. ನೀರು ಧುಮುಕುವ ಜಾಗಕ್ಕೆ ಮೂರಡಿ ಉದ್ದ ಕಲ್ಲು ಹಾಸಿ.

ಕೆಳಗಿನ ತಡೆಯ ತಲೆ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬಂದರೆ ಅಂತರ ಸರಿ. ಎರಡಡಿ ಎತ್ತರಕ್ಕೆ 10% ಇಳಿಜಾರಿನಲ್ಲಿ ಆರು ಮೀಟರಿಗೊಂದು ಬೇಕು. ಕೆಲಸ ಮೇಲಿಂದ ಶುರುಮಾಡಿ ಕೆಳಕ್ಕೆ ಬನ್ನಿ. ಹೂಳು ಅರ್ಧ ತುಂಬಿದ ಕೂಡಲೇ ಆ ಹೂಳಿನ ಮೇಲೆ ಹುಲ್ಲಿನ ಬುಡ ನೆಡಿ. ವರ್ಷವಿಡೀ ಹರಿಯುವ ಹಳ್ಳಕ್ಕೆ ಇದನ್ನು ಹಾಕಬೇಡಿ.

ಪ್ರಶ್ನೆ: ಗೇರುಗುಡ್ಡೆ ಸುಟ್ಟಿದೆ. ಇಂಗುಗುಂಡಿ ತೋಡಿದರೆ ನೀರೂ ಇಂಗುತ್ತದೆ, ಮಣ್ಣೂ ನಿಲ್ಲುತ್ತದೆ ಎನ್ನುತ್ತಾರೆ. ಕೆಳಗೆ ಮನೆ ಇದೆ.
– ಬಂಟ್ವಾಳದ ಓದುಗರು

ಉತ್ತರ: ಕೆಳಗೆ ಮನೆ ಇರುವುದರಿಂದ ತೋಡಬೇಡಿ. ನಿಮ್ಮ ಕಡೆ ಮುರಕಲ್ಲಿನ (ಜಂಬಿಟ್ಟಿಗೆ) ಅಡಿಯಲ್ಲಿ ಶೇಡಿ ಮಣ್ಣು (ನುಣ್ಣನೆಯ ಜೇಡಿ) ಇರುವುದು ಸಾಮಾನ್ಯ. ಅದಕ್ಕೆ ನೀರು ಸೇರಿದರೆ ಮೆತ್ತಗಾಗಿ ಜಾರುತ್ತದೆ. ಮೇಲೆ ಗುಂಡಿ ತೋಡಿ ನೀರು ನಿಲ್ಲಿಸಿದರೆ ಅದಕ್ಕೆ ದಾರಿ ಮಾಡಿಕೊಟ್ಟಂತೆ. ಸಪಾಟು ಜಾಗದಲ್ಲೂ ಸುಟ್ಟ ಮೊದಲ ವರ್ಷ ಗುಂಡಿಗೆ ಬೂದಿ, ಗೋಡು (ನುಣುಪು ಹೂಳು) ತುಂಬಿ ತಳ ಮುಚ್ಚಿಹೋಗುತ್ತದೆ. ಇಳಿಜಾರು ಅಳೆಯಲು ಒಂದು ಮೀಟರ್ ಕೋಲಿನ ಒಂದು ತುದಿ ನೆಲಕ್ಕೆ ಊರಿ, ಇನ್ನೊಂದು ತುದಿ ಇಳಿಜಾರಿನ ಕೆಳದಿಕ್ಕಿಗೆ ಬರುವಂತೆ ಸಮಮಟ್ಟವಾಗಿ ಹಿಡಿದು, ಹೊರತುದಿಯಿಂದ ನೆಲಕ್ಕೆ ಎಷ್ಟಿದೆ ನೋಡಿ: 15 ಸೆಂ.ಮೀ. ಎಂದರೆ 15%. ಅಷ್ಟರೊಳಗಿದ್ದು, ಕೆಳಗೆ ಮನೆ, ರಸ್ತೆ, ಕಡಿದ ದರೆ (ಗುಡ್ಡದ ಕಡಿದಾದ ಮಣ್ಣಿನ ಗೋಡೆ) ಇಲ್ಲದಿದ್ದರೆ ಮಾತ್ರ ಮುಂದಿನ ವರ್ಷ ಯೋಚಿಸಬಹುದು.

ಪ್ರಶ್ನೆ: ನಮ್ಮ ಶಾಲೆಯ ಪರಿಸರ ಸಂಘದ ಮಕ್ಕಳು ಬೆಂಕಿ ಬಿದ್ದ ಬಂಡೀಪುರದ ಅಂಚಿನ ಕಾಡಿಗೆ ಬೀಜದುಂಡೆ (ಬೀಜವಿಟ್ಟ ಮಣ್ಣಿನ ಉಂಡೆ) ಎಸೆಯಬೇಕೆಂದಿದ್ದಾರೆ. ಯಾವ ಬೀಜ ಒಳ್ಳೆಯದು?
– ಗುಂಡ್ಲುಪೇಟೆಯ ಶಿಕ್ಷಕರು

ಉತ್ತರ: ಮಕ್ಕಳ ಕಾಳಜಿ ದೊಡ್ಡದು, ಆದರೆ ಈ ಕೆಲಸ ಬೇಡ. ಹುಲಿ ಸಂರಕ್ಷಿತ ಪ್ರದೇಶಕ್ಕೆ ಅನುಮತಿಯಿಲ್ಲದೆ ಹೋಗುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ, ಅಪಾಯವೂ ಹೌದು. ಅದಕ್ಕಿಂತ ಮುಖ್ಯವಾಗಿ, ಆ ಕಾಡಿಗೆ ಹೊರಗಿನ ಬೀಜ ಬೇಕಿಲ್ಲ. ಅದು ಎಲೆ ಉದುರುವ ಕಾಡು. ತೇಗ, ಹೊನ್ನೆ, ಮತ್ತಿ, ದಿಂಡಿಗ, ನೆಲ್ಲಿ, ಮುತ್ತುಗ ಇವುಗಳ ತೊಗಟೆ ದಪ್ಪ ಅಥವಾ ಬುಡ ಗಟ್ಟಿ. ಕಾಂಡ ಸುಟ್ಟರೂ ಬುಡದಿಂದ ಚಿಗುರುತ್ತವೆ. ಹುಲ್ಲು ತಾನಾಗಿ ಬರುತ್ತದೆ. ಬೀಜದುಂಡೆ ಮಣ್ಣನ್ನು ಹಿಡಿಯುವುದೂ ಇಲ್ಲ, ಇಳಿಜಾರಿನಲ್ಲಿ ಮೊದಲ ಮಳೆಗೇ ಉರುಳಿ ತಗ್ಗಿಗೆ ಹೋಗುತ್ತದೆ.

2019ರ ಫೆಬ್ರುವರಿಯಲ್ಲಿ ಬಂಡೀಪುರದಲ್ಲಿ ಬೆಂಕಿ ಅಷ್ಟು ದೂರ ಓಡಲು ಒಣಗಿ ನಿಂತ ಲಂಟಾನವೂ (ಹೊರನಾಡಿನಿಂದ ಬಂದು ಹಬ್ಬಿದ ಪೊದೆಕಳೆ) ಇಂಧನವಾಗಿತ್ತು. ಬೆಂಕಿಯಿಂದ ಲಂಟಾನ ಸಾಯುವುದಿಲ್ಲ. ಬುಡದಿಂದ ಮತ್ತೆ ಚಿಗುರಿ ಖಾಲಿ ಜಾಗವನ್ನೆಲ್ಲ ಆಕ್ರಮಿಸುತ್ತದೆ. ಮಕ್ಕಳ ಕೈಗೆ ಒಳ್ಳೆಯ ಕೆಲಸ ಕೊಡುವುದಾದರೆ ಶಾಲೆಯ ಅಥವಾ ಊರಿನ ಬೇಲಿಯ ಲಂಟಾನ ತೆಗೆಸಿ, ಪಿಕಾಸಿ ಹಿಡಿಯುವುದು ದೊಡ್ಡವರ ಪಾಲಿಗಿರಲಿ. ಬುಡದ ಸುತ್ತ ಕೆದಕಿ, ತಾಯಿಬೇರನ್ನು ನೆಲಮಟ್ಟದಿಂದ 3-5 ಸೆಂ.ಮೀ. ಕೆಳಗೆ ಕಡಿದು, ಪೊದೆಯನ್ನು ತಲೆಕೆಳಗಾಗಿ ನಿಲ್ಲಿಸಿ ಒಣಗಿಸಬೇಕು. ನೆಲದ ಮೇಲೆ ಕತ್ತರಿಸಿದರೆ ಒಂದಕ್ಕೆ ಹತ್ತು ಚಿಗುರು ಬರುತ್ತದೆ. ತೆಗೆದ ಜಾಗದಲ್ಲಿ ಊರಿನ ಹುಲ್ಲಿನ ಬೀಜ ಚೆಲ್ಲಿ, ಎರಡು ವರ್ಷ ಮರಿಗಳನ್ನು ಕೀಳುತ್ತಿರಬೇಕು.

ಪ್ರಶ್ನೆ: ಮಣ್ಣು ತಡೆಯಲು ಲಾವಂಚ (ಆಳಕ್ಕೆ ಬೇರು ಬಿಡುವ ಹುಲ್ಲು) ನೆಡಬೇಕೆಂದಿದ್ದೇವೆ. ನೂರು ಮೀಟರ್ ಸಾಲಿಗೆ ಎಷ್ಟು ಬುಡ ಬೇಕು?
– ಶಿರಸಿಯ ಓದುಗರು

ಉತ್ತರ: ಬುಡದಿಂದ ಬುಡಕ್ಕೆ 15 ಸೆಂ.ಮೀ. ಲೆಕ್ಕದಲ್ಲಿ ಸುಮಾರು 670. ಸತ್ತದ್ದಕ್ಕೆ ಬದಲಿ ಸೇರಿ 750 ತಂದುಕೊಳ್ಳಿ. ಒಂದೊಂದರಲ್ಲೂ 2-3 ಕವಲು ಇರಲಿ. ಎಲೆ 20 ಸೆಂ.ಮೀ.ಗೆ, ಬೇರು ಹತ್ತು ಸೆಂ.ಮೀ.ಗೆ ಕತ್ತರಿಸಿ, ಸಗಣಿ ಮತ್ತು ಕೆಸರಿನ ರಾಡಿಯಲ್ಲಿ ಅದ್ದಿ, ಸಮಮಟ್ಟದ ಗೆರೆಯ ಮೇಲೆ ಒಂದೇ ಸಾಲು ನೆಡಿ. ಸಾಲಿನಿಂದ ಸಾಲಿಗೆ ನೆಲ ಒಂದೂವರೆಯಿಂದ ಎರಡು ಮೀಟರ್ ಇಳಿದಿರಬೇಕು. 20% ಇಳಿಜಾರಿನಲ್ಲಿ ಅದು 8-10 ಮೀಟರ್ ದೂರ. ತಿಂಗಳ ನಂತರ ಸತ್ತ ಬುಡ ಬದಲಿಸದಿದ್ದರೆ ನೀರೆಲ್ಲ ಆ ಸಂದಿನಿಂದಲೇ ನುಗ್ಗುತ್ತದೆ. ಮರದ ನೆರಳಿನಲ್ಲಿ ಲಾವಂಚ ಸೊರಗುತ್ತದೆ, ಬಿಸಿಲು ಬೀಳುವ ಕಡೆಗೆ ಮಾತ್ರ ಇದು. ಸಾಲು ಗಟ್ಟಿಯಾಗಲು ಮೂರು ನಾಲ್ಕು ತಿಂಗಳು ಬೇಕಾದ್ದರಿಂದ ಮೊದಲ ಮಳೆಗಾಲಕ್ಕೆ ಸಾಲುಗಳ ನಡುವೆ ಮುಚ್ಚಿಗೆ ಇರಲೇಬೇಕು. ಜನವರಿಯಲ್ಲಿ ಒಣ ಎಲೆ ಕೊಯ್ದು ತೆಗೆಯಿರಿ.

ಪ್ರಶ್ನೆ: ಬಾಣೆಯ (ಗದ್ದೆಗೆ ಸೇರಿದ ಕಾಡುಭೂಮಿಯ) ಮರಗಳು ಅರೆಬರೆ ಸುಟ್ಟಿವೆ. ಬದುಕುವುದು ಯಾವುದು, ಸಾಯುವುದು ಯಾವುದು? ಈಗಲೇ ಕಡಿಸಿದರೆ ಮರಕ್ಕೆ ಬೆಲೆಯಾದರೂ ಸಿಗುತ್ತದೆ ಎನ್ನುತ್ತಾರೆ.
– ಮಡಿಕೇರಿಯ ಓದುಗರು

ಉತ್ತರ: ಬುಡದಿಂದ ಒಂದಡಿ ಮೇಲೆ, ನಾಲ್ಕೂ ದಿಕ್ಕಿನಲ್ಲಿ, ಚಾಕುವಿನಿಂದ ಬೆರಳುಗುರಿನಷ್ಟು ತೊಗಟೆ ಎತ್ತಿ ನೋಡಿ. ಒಳಪೊರೆ ಹಸಿಯಾಗಿ ಬಿಳಿಯೋ ತಿಳಿಹಸಿರೋ ಇದ್ದರೆ ಜೀವವಿದೆ. ಕಂದುಬಣ್ಣಕ್ಕೆ ತಿರುಗಿ ಒಣಗಿದ್ದರೆ ಆ ಬದಿ ಸತ್ತಿದೆ. ಮೂರು ಬದಿ ಸತ್ತಿದ್ದರೆ ಮರ ಉಳಿಯುವುದು ಕಷ್ಟ. ಒಂದೇ ಬದಿಯಾದರೆ ಸಾಮಾನ್ಯವಾಗಿ ಉಳಿಯುತ್ತದೆ. ಗಾಳಿ ಬಂದ ದಿಕ್ಕಿಗಿಂತ ಅದರ ಹಿಂಬದಿಯಲ್ಲೇ ಬುಡ ಹೆಚ್ಚು ಸುಟ್ಟಿರುತ್ತದೆ, ಅಲ್ಲಿ ತಪ್ಪದೆ ನೋಡಿ. ಅನುಮಾನವಿದ್ದರೆ ಒಂದು ಮಳೆಗಾಲ ಕಾಯಿರಿ. ಕಡಿಯುವ ಮೊದಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಂತೆ ಅನುಮತಿ ಅಗತ್ಯವೇ ಎಂದು ವಲಯ ಅರಣ್ಯಾಧಿಕಾರಿಗಳಲ್ಲಿ ಕೇಳಿ. ದಾರಿ, ಮನೆ, ವಿದ್ಯುತ್ ತಂತಿಯ ಕಡೆ ವಾಲಿದ ಮರ ಮಾತ್ರ ತುರ್ತು.

ಕಡಿದರೂ ಬೊಡ್ಡೆ ಕೀಳಬೇಡಿ, ದಿಮ್ಮಿಯನ್ನು ಇಳಿಜಾರಿನಲ್ಲಿ ಉದ್ದಕ್ಕೆ ಎಳೆಯಬೇಡಿ. ಎಳೆದ ಗೀರೇ ಮುಂದೆ ಕೊರಕಲು. ಸತ್ತ ಬೇರು ಮಣ್ಣನ್ನು ಒಂದೆರಡು ವರ್ಷ ಹಿಡಿಯುತ್ತದೆ, ಆಮೇಲೆ ಕೊಳೆಯುತ್ತ ಹಿಡಿತ ಬಿಡುತ್ತದೆ. ಹೊಸ ಬೇರು ಇನ್ನೂ ಬಲಿಯದ ಮೂರನೇ ನಾಲ್ಕನೇ ಮಳೆಗಾಲದಲ್ಲೇ ದರೆ ಕುಸಿಯುವ ಅಪಾಯ ಹೆಚ್ಚು. ಹಸಿರು ಬಂದಿತೆಂದು ಆ ವರ್ಷಗಳಲ್ಲಿ ಗುಡ್ಡದ ಬುಡ ಕಡಿದು ದಾರಿ ಮಾಡಬೇಡಿ. ನೆಲದಲ್ಲಿ ಹೊಸ ಬಿರುಕು, ಎಂದೂ ಇಲ್ಲದ ಕಡೆ ಒರತೆ, ವಾಲಿದ ಕಂಬ ಕಂಡರೆ ಕೆಳಗಿನ ಮನೆಯವರು ಮಳೆ ನಿಲ್ಲುವವರೆಗೆ ಬೇರೆಡೆ ಇರಬೇಕು.

ಪ್ರಶ್ನೆ: ಸುಟ್ಟ ಗುಡ್ಡದಿಂದ ಬರುವ ಅಬ್ಬಿ ನೀರು (ಗುಡ್ಡದ ಒರತೆಯಿಂದ ಪೈಪಿನಲ್ಲಿ ತಾನಾಗಿ ಹರಿದು ಬರುವ ನೀರು) ಮಳೆ ಬಂದಾಗ ಕರಿಯಾಗುತ್ತದೆ. ಬ್ಲೀಚಿಂಗ್ ಪುಡಿ ಹಾಕಿದರೆ ಕುಡಿಯಬಹುದೇ?
– ಯಲ್ಲಾಪುರದ ಓದುಗರು

ಉತ್ತರ: ಕದಡಿದ ನೀರಿನಲ್ಲಿ ಬ್ಲೀಚಿಂಗ್ ಪುಡಿಯ ಶಕ್ತಿಯೆಲ್ಲ ಬೂದಿ, ಗೋಡಿಗೇ ಖರ್ಚಾಗುತ್ತದೆ, ರೋಗಾಣು ಉಳಿಯುತ್ತದೆ. ಮೊದಲ ಕೆಲವು ಜೋರು ಮಳೆಯ ನೀರನ್ನು ಪೈಪು ಕಳಚಿ ಹೊರಗೆ ಬಿಡಿ. ತಿಳಿಯಾದ ಮೇಲೆ ತೊಟ್ಟಿಗೆ ತಿರುಗಿಸಿ, ಒಂದು ದಿನ ನಿಲ್ಲಿಸಿ, ಮೇಲಿನ ನೀರನ್ನು ಸೋಸಿ ಕುದಿಸಿ ಕುಡಿಯಿರಿ. ಪೈಪು ಎಲ್ಲಾದರೂ ಕರಗಿದ್ದರೆ ಆ ತುಂಡನ್ನು ಪೂರ್ತಿ ಕತ್ತರಿಸಿ ಹೊಸದು ಹಾಕಿ. ಕರಗಿದ ಪ್ಲಾಸ್ಟಿಕ್ಕಿನಿಂದ ಸೇರುವ ವಿಷ ಕುದಿಸಿದರೂ ಹೋಗುವುದಿಲ್ಲ.

ಪ್ರಶ್ನೆ: ಬೆಂಕಿ ತಡೆಯಲು ಗುಡ್ಡದ ತಲೆಯಿಂದ ಬುಡದವರೆಗೆ ಬೆಂಕಿರೇಖೆ ಕೆರೆಸಿದ್ದೆವು. ಈಗ ಅದೇ ನೀರು ಹರಿಯುವ ದಾರಿಯಾಗಿದೆ. ಮುಚ್ಚಿದರೆ ಮುಂದಿನ ಬೇಸಿಗೆಗೆ ಏನು ಮಾಡುವುದು?
– ಹೊಸನಗರದ ಓದುಗರು

ಉತ್ತರ: ಮುಚ್ಚಬೇಕಿಲ್ಲ, ನೀರನ್ನು ಹೊರಗೆ ತಿರುಗಿಸಿ. ರೇಖೆಗೆ ಓರೆಯಾಗಿ, ಸುಮಾರು 30 ಡಿಗ್ರಿ ಕೋನದಲ್ಲಿ, ಒಂದಡಿ ಎತ್ತರದ ಮಣ್ಣಿನ ದಿಂಡು ಹಾಕಿ ಗಟ್ಟಿಯಾಗಿ ತುಳಿಯಿರಿ. ಅದರ ಕೆಳತುದಿ ರೇಖೆಯ ಹೊರಗಿನ ಹುಲ್ಲಿಗೆ ತೆರೆದುಕೊಳ್ಳಬೇಕು, ಅಲ್ಲಿ ನಾಲ್ಕು ಕಲ್ಲು ಹರಡಿ. 10% ಇಳಿಜಾರಿನಲ್ಲಿ 25 ಮೀಟರಿಗೊಂದು, 20% ಇದ್ದರೆ 15 ಮೀಟರಿಗೊಂದು, 30% ದಾಟಿದರೆ ಹತ್ತು ಮೀಟರಿಗೊಂದು. ದಿಂಡನ್ನು ನೇರ ಅಡ್ಡ ಹಾಕಿದರೆ ನೀರು ನಿಂತು ಒಡೆಯುತ್ತದೆ, ಓರೆ ಮುಖ್ಯ. ನೀರು ಬಿಡುವ ಕಡೆ ಸುಟ್ಟು ಬೋಳಾದ ಬದಿಯಾಗಿರದಂತೆ ನೋಡಿಕೊಳ್ಳಿ. ಹುಲ್ಲಿರುವ ಬದಿಗೇ ಬಿಡಿ. ಮುಂದಿನ ಬೇಸಿಗೆಗೆ ರೇಖೆಯನ್ನು ಗುದ್ದಲಿಯಿಂದ ಕೆರೆಯುವ ಬದಲು, ಡಿಸೆಂಬರ್-ಜನವರಿಯಲ್ಲಿ ಕತ್ತಿಯಿಂದ ಹುಲ್ಲು ಕೊಯ್ದು ಹೊರಸಾಗಿಸಿ, ಉಳಿದ ದರಕು ಗುಡಿಸಿ. ಕೂಳೆಯ ಬೇರು ಮಣ್ಣನ್ನು ಹಿಡಿದಿರುತ್ತದೆ. ದರಕು ಮತ್ತೆ ಮತ್ತೆ ಉದುರುವುದರಿಂದ ಏಪ್ರಿಲ್‌ವರೆಗೆ ಹದಿನೈದು ದಿನಕ್ಕೊಮ್ಮೆ ಗುಡಿಸಬೇಕಾಗುತ್ತದೆ.